ಹಾಯಿದೋಣಿಗೆ ರೆಕ್ಕೆ ಬಂದಾಗ

1979ರ ಡಿಸೆಂಬರ್. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪಂದ್ಯ. ವೇಗದ ಬೌಲರ್ ಡೆನಿಸ್ ಲಿಲಿ ಬ್ಯಾಟಿಂಗಿಗೆ ಬಂದು ಚೆಂಡು ಹೊಡೆದರೆ ಮರದ ಸದ್ದು ಬರಲಿಲ್ಲ, ಲೋಹದ ಸದ್ದು ಬಂತು. ಅವರ ಕೈಯಲ್ಲಿದ್ದುದು ಅಲ್ಯೂಮಿನಿಯಂ ಬ್ಯಾಟ್. ಇದರಿಂದ ಚೆಂಡು ಹಾಳಾಗುತ್ತಿದೆ ಎಂದು ಇಂಗ್ಲೆಂಡ್ ನಾಯಕ ಮೈಕ್ ಬ್ರಿಯರ್ಲಿ ದೂರಿದರು. ಅಂಪೈರ್‌ಗಳು ಬ್ಯಾಟ್ ಬದಲಿಸಿ ಎಂದರು. ಲಿಲಿ ವಾದಕ್ಕೆ ನಿಂತರು, ಆಟ ನಿಂತಿತು. ಕೊನೆಗೆ ಅವರು ಸಿಟ್ಟಿನಿಂದ ಆ ಬ್ಯಾಟನ್ನು ಬಿಸಾಡಿ ಮರದ ಬ್ಯಾಟ್ ಹಿಡಿದರು. ಬ್ಯಾಟ್ ಮರದ್ದೇ ಆಗಿರಬೇಕು ಎಂದು ಆಗಿನ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಮರುವರ್ಷದ ನಿಯಮಾವಳಿಯಲ್ಲಿ ಬರೆದರು. ಅಲ್ಲಿಗೆ ಕಥೆ ಮುಗಿಯಿತು.

ಇಂಥದೇ ತಕರಾರಿನಲ್ಲಿ ಪರ್ತ್ ಊರಿನ ಹೆಸರು ಇನ್ನೆರಡು ಸಲ ಬರುತ್ತದೆ. ಆದರೆ ಅವು ಹಾಯಿದೋಣಿ ಪಂದ್ಯದ ತಕರಾರುಗಳು. 1983ರಲ್ಲಿ ರಾಯಲ್ ಪರ್ತ್ ಯಾಟ್ ಕ್ಲಬ್ಬಿನ ದೋಣಿಯೊಂದು ಅಡಿಯಲ್ಲಿ ರೆಕ್ಕೆ ಕಟ್ಟಿಕೊಂಡು ಹೋಗಿ, 132 ವರ್ಷ ಅಮೆರಿಕನ್ನರ ಕೈಯಲ್ಲೇ ಇದ್ದ ಅಮೆರಿಕಾಸ್ ಕಪ್ಪನ್ನು ಗೆದ್ದು ತಂದಿತು. 2000ದ ನಂತರದ ವರ್ಷಗಳಲ್ಲಿ ಅದೇ ಊರಿನ ಜಾನ್ ಮತ್ತು ಗಾರ್ತ್ ಇಲೆಟ್ ಹನ್ನೊಂದಡಿಯ ಪುಟ್ಟ ದೋಣಿಗೆ ರೆಕ್ಕೆ ಕೂರಿಸಿ ಅದನ್ನು ನೀರಿನಿಂದ ಮೇಲಕ್ಕೇ ಎತ್ತಿಬಿಟ್ಟರು. ಎರಡು ಸಲವೂ ಗದ್ದಲ ಎದ್ದಿತು. ಎರಡು ಸಲವೂ ರೆಕ್ಕೆಯೇ ಗೆದ್ದಿತು.

ಕ್ರಿಕೆಟ್ ಒಂದೇ ಸಾಲು ಬರೆದು ಬಾಗಿಲು ಹಾಕಿಕೊಂಡಿತಲ್ಲ, ಹಾಯಿದೋಣಿ ಪಂದ್ಯ ಯಾಕೆ ಹಾಗೆ ಮಾಡಲಿಲ್ಲ? ಕ್ರಿಕೆಟ್ಟಿನಲ್ಲಿ ಬ್ಯಾಟ್ ಒಂದು ಸಲಕರಣೆ, ಆಟ ಇರುವುದು ಆಟಗಾರನಲ್ಲಿ. ಹಾಯಿದೋಣಿಯಲ್ಲಿ ದೋಣಿಯೇ ಅರ್ಧ ಆಟ. ಗಾಳಿಯನ್ನು ಹಿಡಿಯುವುದು ಹೇಗೆ, ನೀರನ್ನು ಸೀಳುವುದು ಹೇಗೆ ಎಂಬ ಲೆಕ್ಕ ಹಾಕುವವರೂ ಗೆಲುವಿನ ಪಾಲುದಾರರೇ. ಹೊಸ ತಂತ್ರಜ್ಞಾನ ಬೇಕೇ ಬೇಡವೇ ಎಂಬ ಪ್ರಶ್ನೆ ಈ ಆಟದಲ್ಲಿ ಮತ್ತೆ ಮತ್ತೆ ಏಳುವುದು ಅದಕ್ಕೇ. ಅದಕ್ಕೆ ಎಲ್ಲರಿಗೂ ಒಪ್ಪುವ ಒಂದು ಉತ್ತರವಿಲ್ಲ. ಆದರೆ ಉತ್ತರ ಹುಡುಕುವ ಒಂದು ದಾರಿ ಇದೆ ಎಂದು ನನಗನ್ನಿಸುತ್ತದೆ.

ಅದಕ್ಕೆ ಮೊದಲು ಈ ಆಟದಲ್ಲಿ ಕ್ಲಾಸ್, ಅಂದರೆ ವರ್ಗ, ಎಂದರೇನು ನೋಡೋಣ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳಿವೆ. ಹಗ್ಗದ ಕೋಣಗಳನ್ನು ನೇಗಿಲಿನ ಕೋಣಗಳ ಜೊತೆ ಓಡಿಸುವುದಿಲ್ಲ. ಹಾಯಿದೋಣಿ ಪಂದ್ಯದಲ್ಲೂ ಹಾಗೆಯೇ. ಒಂದೊಂದು ಬಗೆಯ ದೋಣಿಗೆ ಒಂದೊಂದು ವರ್ಗ, ಆ ವರ್ಗಕ್ಕೆ ಒಂದು ಸಂಘ, ಆ ಸಂಘಕ್ಕೆ ಒಂದು ನಿಯಮ ಪುಸ್ತಕ. ಈ ಪುಸ್ತಕಗಳನ್ನು ಓದಿದರೆ ಮೂಲದಲ್ಲಿ ಎರಡು ಜಾತಿ ಕಾಣುತ್ತವೆ. ಒಂದು ಜಾತಿ ಹೇಳುವುದು: ‘ಎಲ್ಲರ ದೋಣಿಯೂ ಒಂದೇ ಅಚ್ಚಿನಲ್ಲಿ ಎರೆದಂತಿರಬೇಕು, ಇಲ್ಲಿ ಅನುಮತಿಸದೆ ಇರುವುದೆಲ್ಲ ನಿಷಿದ್ಧ.’ ಇನ್ನೊಂದು ಹೇಳುವುದು: ‘ಇಷ್ಟುದ್ದ, ಇಷ್ಟಗಲ, ಇಷ್ಟು ಹಾಯಿ ಮೀರಬಾರದು, ಉಳಿದದ್ದು ನಿಮ್ಮ ತಲೆಗೆ ಬಿಟ್ಟದ್ದು.’ ಮೊದಲನೆಯದನ್ನು ಏಕವಿನ್ಯಾಸದ ವರ್ಗ ಎನ್ನೋಣ, ಎರಡನೆಯದನ್ನು ಪ್ರಯೋಗದ ವರ್ಗ ಎನ್ನೋಣ.

ಇಲೆಟ್‌ಗಳು ಹಾರಿಸಿದ ದೋಣಿ ಪ್ರಯೋಗದ ವರ್ಗದ್ದು. ಹೆಸರು ಮಾತ್, ಅಂದರೆ ಪತಂಗ. ಇದರ ಹುಟ್ಟು 1928ರಲ್ಲಿ, ಆಸ್ಟ್ರೇಲಿಯಾದ ಇನ್‌ವರ್ಲಾಕ್ ಎಂಬ ಸಣ್ಣ ಊರಿನಲ್ಲಿ. ಲೆನ್ ಮಾರಿಸ್ ಎಂಬಾತ ತನಗೆಂದು ಹನ್ನೊಂದಡಿಯ ದೋಣಿಯೊಂದನ್ನು ಕಟ್ಟಿದ. ಮರುವರ್ಷ ಅಮೆರಿಕದಲ್ಲೂ ಒಬ್ಬಾತ ಇಂಥದೇ ಅಳತೆಯ ದೋಣಿ ಕಟ್ಟಿದ. ಮುಂದೆ ಎರಡೂ ಕೂಡಿ ಅಂತರರಾಷ್ಟ್ರೀಯ ವರ್ಗವಾಯಿತು. ಇದರ ನಿಯಮದ ತಿರುಳು ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತದೆ: ಉದ್ದ 3.355 ಮೀಟರ್ ಮೀರಬಾರದು, ಅಗಲ 2.25 ಮೀಟರ್ ಮೀರಬಾರದು, ಹಾಯಿ ಸುಮಾರು 8 ಚದರ ಮೀಟರ್, ಅಂದರೆ ಎಂಟಡಿ-ಹನ್ನೊಂದಡಿಯ ಕೋಣೆಗೆ ಹಾಸುವಷ್ಟು ಬಟ್ಟೆ. ಎರಡು ಒಡಲಿನ ದೋಣಿ ಕೂಡದು. ಇಷ್ಟಕ್ಕಿಂತ ಕಡಿಮೆ ತೂಗಬಾರದು ಎಂಬ ಮಾತೇ ಇಲ್ಲ.

ಇಷ್ಟು ಸಡಿಲ ನಿಯಮ ಕೊಟ್ಟರೆ ಜನ ಸುಮ್ಮನಿರುತ್ತಾರೆಯೇ? ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬಂತೆ ವರ್ಷ ವರ್ಷವೂ ಒಂದೊಂದು ಹೊಸತು ಬಂತು. ಒಡಲು ಕಿರಿದಾಗುತ್ತಾ ಆಗುತ್ತಾ ಒಂದಡಿಯಷ್ಟೇ ಉಳಿಯಿತು. ಕುಳಿತುಕೊಳ್ಳಲು ಎರಡೂ ಬದಿಗೆ ಚೌಕಟ್ಟು ಚಾಚಿದರು. ಸುಮ್ಮನೆ ನಿಂತರೆ ಮಗುಚುವ, ಓಡುತ್ತಿದ್ದರೆ ಮಾತ್ರ ನೆಟ್ಟಗಿರುವ ಸೈಕಲ್ಲಿನಂಥ ದೋಣಿಯಾಯಿತು ಅದು.

ಆಮೇಲೆ ಬಂದದ್ದು ಫಾಯಿಲ್. ಅಂದರೆ ನೀರೊಳಗಿನ ರೆಕ್ಕೆ. ಇದರ ಹಿಂದಿನ ವಿಜ್ಞಾನ ವಿಮಾನದ್ದೇ. ದೋಣಿ ಮುಂದಕ್ಕೆ ಚಲಿಸಿದಾಗ ನೀರು ಆ ರೆಕ್ಕೆಯ ಮೇಲೂ ಕೆಳಗೂ ಹರಿದು ಅದನ್ನು ಮೇಲಕ್ಕೆ ಒತ್ತುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ವಿಮಾನಕ್ಕೆ ಬೇಕಾದಂಥ ದೊಡ್ಡ ರೆಕ್ಕೆ ಇಲ್ಲಿ ಬೇಡ, ಪುಟ್ಟ ತೆಳು ಪಟ್ಟಿಗಳು ಮನುಷ್ಯನನ್ನೂ ದೋಣಿಯನ್ನೂ ಎತ್ತುತ್ತವೆ. ದೋಣಿಯ ವೇಗಕ್ಕೆ ದೊಡ್ಡ ಶತ್ರು ಅದು ತಾನೇ ಎಬ್ಬಿಸುವ ಅಲೆ, ತನ್ನ ಮೈಗೆ ಅಂಟುವ ನೀರು. ಒಡಲೇ ನೀರಿನಿಂದ ಮೇಲೆದ್ದರೆ ಆ ಎರಡೂ ತಡೆ ಒಮ್ಮೆಗೇ ಕಳಚುತ್ತವೆ.

2001ರ ಹೊತ್ತಿಗೆ ಬ್ರೆಟ್ ಬರ್ವಿಲ್ ಎಂಬ ಆಸ್ಟ್ರೇಲಿಯನ್, ದೋಣಿಯ ಎರಡೂ ಪಕ್ಕದಿಂದ ನೀರಿಗೆ ಓರೆಯಾಗಿ ಇಳಿಯುವ ರೆಕ್ಕೆಗಳನ್ನು ಕಟ್ಟಿಕೊಂಡು ವಿಶ್ವ ಚಾಂಪಿಯನ್‌ಷಿಪ್ಪಿಗೆ ಬಂದರು. ಅಲ್ಲಿ ರೇಸನ್ನೂ ಗೆದ್ದುಬಿಟ್ಟರು. ಗದ್ದಲ ಎದ್ದಿತು. ಪಕ್ಕದಿಂದ ಇಳಿದ ರೆಕ್ಕೆಗಳು ದೋಣಿಗೆ ಎರಡೂ ಬದಿಯ ಊರುಗೋಲಾದವಲ್ಲ, ಇದು ಎರಡು ಮೂರು ಒಡಲಿನ ದೋಣಿಯೇ ಆದಂತಾಗಲಿಲ್ಲವೇ ಎಂಬ ಪ್ರಶ್ನೆ ಬಂತು. ವರ್ಗದ ಸಂಘ ಯೋಚಿಸಿ, ಹೌದು ಎಂದಿತು. ಆ ಜೋಡಣೆಗೆ ನಿಷೇಧ ಬಿತ್ತು.

ಈ ತೀರ್ಪಿನಲ್ಲಿ ಗಮನಿಸಬೇಕಾದ್ದು ಒಂದಿದೆ. ಸಂಘ ‘ರೆಕ್ಕೆ ಬೇಡ’ ಎನ್ನಲಿಲ್ಲ. ‘ಎರಡು ಒಡಲು ಬೇಡ ಎಂದು ನಾವು ಮೊದಲೇ ಹೇಳಿದ್ದೇವೆ, ಈ ರೆಕ್ಕೆ ಅದನ್ನು ಮುರಿಯುತ್ತದೆ’ ಎಂದಿತು. ಹಳೆಯ ಮಾತಿಗೆ ಅಂಟಿಕೊಂಡಿತು, ಹೊಸದಕ್ಕೆ ಬಾಗಿಲು ಮುಚ್ಚಲಿಲ್ಲ. ಅದರಿಂದ ಆದದ್ದೇನು? ರೆಕ್ಕೆಯನ್ನು ದೋಣಿಯ ನಡುಗೆರೆಯಲ್ಲೇ ಇಡಬೇಕಾಯಿತು. ಸಿಡ್ನಿಯ ಇಯಾನ್ ವಾರ್ಡ್ ಅದು ಸಾಧ್ಯವೆಂದು ತೋರಿಸಿದರು, ಪರ್ತ್‌ನ ಇಲೆಟ್‌ಗಳು ಅದನ್ನು ಪಳಗಿಸಿದರು. ದೋಣಿಯ ನಡುವಿನಿಂದ ನೀರಿಗಿಳಿಯುವ ಹಲಗೆಯ ತುದಿಗೆ ಒಂದು ರೆಕ್ಕೆ, ಚುಕ್ಕಾಣಿಯ ತುದಿಗೆ ಇನ್ನೊಂದು. ಹಿಂದಿನಿಂದ ನೋಡಿದರೆ ಒಂದೊಂದೂ ತಲೆಕೆಳಗಾದ ಟಿ ಅಕ್ಷರ.

ಎಷ್ಟು ಎತ್ತರಕ್ಕೆ ಏಳಬೇಕೆಂದು ರೆಕ್ಕೆಗೆ ಹೇಗೆ ಗೊತ್ತಾಗಬೇಕು? ತೀರಾ ಎದ್ದರೆ ರೆಕ್ಕೆ ನೀರಿನಿಂದ ಹೊರಬಂದು ದೋಣಿ ಮುಗ್ಗರಿಸುತ್ತದೆ. ಅವರು ಕಂಡುಕೊಂಡ ಉಪಾಯ ಹಳ್ಳಿಯ ಕಮ್ಮಾರನಿಗೂ ಅರ್ಥವಾಗುವಂಥದು. ದೋಣಿಯ ಮೂತಿಯಿಂದ ಒಂದು ತೆಳು ಕಡ್ಡಿ ನೀರಿನ ಮೇಲೆ ಉಜ್ಜುತ್ತಾ ಸಾಗುತ್ತದೆ. ದೋಣಿ ಮೇಲೆದ್ದಂತೆ ಕಡ್ಡಿ ಇಳಿಬೀಳುತ್ತದೆ, ದೋಣಿ ಕುಸಿದಂತೆ ನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆ ಅಲುಗಾಟ ಒಂದು ಸರಳಿನ ಮೂಲಕ ರೆಕ್ಕೆಯ ಹಿಂಬದಿಯ ಮಡಚುವ ಪಟ್ಟಿಗೆ ತಲುಪಿ ಏರಿಳಿತವನ್ನು ಹದ ಮಾಡುತ್ತದೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ. 2005ರಲ್ಲಿ ಮೆಲ್ಬರ್ನ್‌ನಲ್ಲಿ ರೋಹನ್ ವೀಲ್ ಇಂಥ ದೋಣಿಯಲ್ಲಿ ವಿಶ್ವ ಚಾಂಪಿಯನ್ ಆದರು. ಇಂದು ಒಳ್ಳೆಯ ಮಾತ್ 30 ನಾಟ್ ದಾಟುತ್ತದೆ, ಗಂಟೆಗೆ 55 ಕಿಲೋಮೀಟರಿಗೂ ಹೆಚ್ಚು. ಎಂಜಿನ್ ಇಲ್ಲದೆ, ಒಂದು ಕೋಣೆಯಷ್ಟು ಬಟ್ಟೆಯಲ್ಲಿ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. 2005ರ ನಂತರ ರೆಕ್ಕೆಯಿಲ್ಲದ ಮಾತ್ ಇಟ್ಟುಕೊಂಡವರಿಗೆ ಗೆಲುವಿನ ಆಸೆ ಉಳಿಯಲಿಲ್ಲ. ಅಪ್ಪ ಮಗ ಸೇರಿ ಶೆಡ್ಡಿನಲ್ಲಿ ಪ್ಲೈವುಡ್ ಕೊಯ್ದು ದೋಣಿ ಕಟ್ಟುವ ಕಾಲ ಹೋಗಿ, ಕಾರ್ಬನ್ ಫೈಬರಿನ ದೋಣಿಗೆ ಕಾರಿನ ಬೆಲೆ ಕೊಡುವ ಕಾಲ ಬಂತು. ಆದರೂ ಯಾರೂ ಮೋಸ ಹೋದೆವು ಎನ್ನುವಂತಿಲ್ಲ. ಇಲ್ಲಿ ದೋಣಿ ಬದಲಾಗುತ್ತದೆ ಎಂಬುದೇ ಮಾತ್ ವರ್ಗ ಮೊದಲ ದಿನದಿಂದ ಕೊಟ್ಟ ಮಾತು. ಬದಲಾಯಿತು.

1983ರ ರೆಕ್ಕೆಯ ಕಥೆಯೂ ಇದೇ ಬಗೆಯದು. ಬೆನ್ ಲೆಕ್ಸನ್ ವಿನ್ಯಾಸದ ‘ಆಸ್ಟ್ರೇಲಿಯಾ 2’ ದೋಣಿಯ ಅಡಿಯಲ್ಲಿ, ದೋಣಿಯನ್ನು ನೆಟ್ಟಗೆ ಹಿಡಿಯುವ ಭಾರದ ಕೀಲಿನ ಬುಡಕ್ಕೆ ಎರಡು ರೆಕ್ಕೆಗಳಿದ್ದವು. ದೋಣಿಯನ್ನು ನೀರಿನಿಂದ ಎತ್ತಿದಾಗಲೆಲ್ಲ ಹೊಸ ಮದುಮಗಳಿಗೆ ಮುಸುಕು ಹಾಕಿದಂತೆ ಬಟ್ಟೆ ಮುಚ್ಚುತ್ತಿದ್ದರು. ನ್ಯೂಯಾರ್ಕ್ ಯಾಟ್ ಕ್ಲಬ್ ಅದರ ಸಿಂಧುತ್ವವನ್ನೇ ಪ್ರಶ್ನಿಸಿತು. ಆ ತಕರಾರಿಗೆ ಮನ್ನಣೆ ಸಿಗಲಿಲ್ಲ. ಆಸ್ಟ್ರೇಲಿಯಾ 4-3ರಿಂದ ಗೆದ್ದಿತು. ನಾಲ್ಕು ವರ್ಷದ ನಂತರ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಮುಂದಿನ ಕಪ್ ನಡೆದಾಗ ಎದುರಾಳಿಗಳ ದೋಣಿಗಳಿಗೂ ರೆಕ್ಕೆ ಮೂಡಿತ್ತು, ಮತ್ತು ಕಪ್ಪನ್ನು ಅಮೆರಿಕದ ಡೆನಿಸ್ ಕಾನರ್ ವಾಪಸು ಒಯ್ದರು. ತಂತ್ರಜ್ಞಾನದ ಮೇಲುಗೈ ಒಂದು ಪಂದ್ಯದ ಆಯಸ್ಸಿನದು. ಖರ್ಚು ಮಾತ್ರ ಎಲ್ಲರ ಲೆಕ್ಕದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಈಗ ಇನ್ನೊಂದು ದಡಕ್ಕೆ ಹೋಗೋಣ. 1969ರಲ್ಲಿ ಕೆನಡಾದ ಬ್ರೂಸ್ ಕರ್ಬಿ ಫೋನಿನಲ್ಲಿ ಗೆಳೆಯನೊಬ್ಬನ ಜೊತೆ ಮಾತನಾಡುತ್ತಾ ಕಾಗದದ ಮೇಲೆ ಒಂದು ದೋಣಿಯ ಗೀಟು ಎಳೆದರು. ಅದು 1971ರಲ್ಲಿ ಲೇಸರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಉದ್ದ ಹದಿನಾಲ್ಕು ಅಡಿಗೆ ಕೊಂಚ ಕಡಿಮೆ, ಒಡಲಿನ ತೂಕ 59 ಕಿಲೋ, ಒಂದೇ ಹಾಯಿ, ಒಬ್ಬರೇ ಸವಾರರು. ಇಬ್ಬರು ಎತ್ತಿ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಹೋಗಬಹುದು. ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸಿನಲ್ಲಿದೆ. ಅಂದು ಎಳೆದ ಒಡಲಿನ ಗೀಟು ಇಂದಿಗೂ ಅದೇ.

ಲೇಸರ್ ಕೊಟ್ಟ ಮಾತು ಮಾತ್ ವರ್ಗದ್ದಕ್ಕೆ ಪೂರ್ತಿ ಉಲ್ಟಾ: ‘ಇಲ್ಲಿ ದೋಣಿ ಗೆಲ್ಲುವುದಿಲ್ಲ, ನೀವು ಗೆಲ್ಲಬೇಕು.’ ಹಾಗಂತ ಅಲ್ಲಿ ಏನೂ ಬದಲಾಗಿಲ್ಲ ಎಂದಲ್ಲ. ನನಗೆ ಈ ಇಡೀ ಚರ್ಚೆಯಲ್ಲಿ ತುಂಬ ಪಾಠ ಹೇಳುವುದು ಲೇಸರ್‌ನಲ್ಲಿ ಆದ ಎರಡು ಸಣ್ಣ ಬದಲಾವಣೆಗಳು.

ಮೊದಲನೆಯದು ಹಗ್ಗದ್ದು. ಗಾಳಿ ಜೋರಾದಾಗ ಹಾಯಿಯನ್ನು ಬಿಗಿದು ಚಪ್ಪಟೆ ಮಾಡಬೇಕು, ಅದಕ್ಕೆ ಹಗ್ಗ ಜಗ್ಗಬೇಕು. ಮೂಲ ದೋಣಿಯಲ್ಲಿದ್ದ ರಾಟೆಗಳು ಸಾಲುತ್ತಿರಲಿಲ್ಲ. ಹೆಚ್ಚುವರಿ ರಾಟೆ ಹಾಕಲು ನಿಯಮ ಬಿಡುತ್ತಿರಲಿಲ್ಲ. ಆದರೆ ಹಗ್ಗಕ್ಕೆ ಕುಣಿಕೆ ಹಾಕಬಾರದು ಎಂದಿರಲಿಲ್ಲ. ಹಾಗಾಗಿ ಬಲ್ಲವರು ಹಗ್ಗದಲ್ಲೇ ಕುಣಿಕೆಯ ಮೇಲೆ ಕುಣಿಕೆ ಹಾಕಿ, ಅದರೊಳಗೆ ಇನ್ನೊಂದು ಎಳೆ ತೂರಿಸಿ, ರಾಟೆಯ ಕೆಲಸವನ್ನು ಗಂಟಿನಿಂದ ಮಾಡಿಸಿಕೊಳ್ಳುತ್ತಿದ್ದರು. ಹಗ್ಗ ಹಗ್ಗಕ್ಕೆ ಉಜ್ಜಿ ಸವೆಯುತ್ತಿತ್ತು. ಗಂಟಿನ ಗುಟ್ಟು ಗೊತ್ತಿಲ್ಲದ ಹೊಸಬರು, ತೋಳಿನಲ್ಲಿ ಅಷ್ಟು ಕಸುವಿಲ್ಲದ ಹಗುರ ಮೈಯವರು ಹಿಂದೆ ಬೀಳುತ್ತಿದ್ದರು. 2000ದ ದಶಕದ ಆರಂಭದಲ್ಲಿ ವರ್ಗ ಸರಿಯಾದ ರಾಟೆಗಳ ಹೊಸ ಜೋಡಣೆಗೆ ಒಪ್ಪಿಗೆ ಕೊಟ್ಟಿತು. ದೋಣಿ ಪವಾಡದಂತೇನೂ ಓಡಲಿಲ್ಲ. ಆದರೆ ಗಂಟಿನ ಪಾಂಡಿತ್ಯಕ್ಕೆ ಸಿಗುತ್ತಿದ್ದ ಅಂಕ ನಿಂತಿತು.

ಎರಡನೆಯದು ಹಾಯಿಕಂಬದ್ದು. ಲೇಸರ್‌ನ ಕಂಬ ಎರಡು ತುಂಡು, ಒಂದರ ಮೇಲೊಂದು ಕೂರುತ್ತದೆ. ಮೇಲಿನ ತುಂಡು ಮೊದಲು ಅಲ್ಯೂಮಿನಿಯಂ ಕೊಳವೆಯಾಗಿತ್ತು. ಜೋರು ಗಾಳಿಯಲ್ಲಿ ನಾಲ್ಕು ದಿನ ಓಡಿದರೆ ಅದು ಬಾಗುತ್ತಿತ್ತು, ಬಾಗಿದ್ದು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ದಡದಲ್ಲಿ ನಾವಿಕರು ಆ ಕೊಳವೆಯನ್ನು ಸಮತಟ್ಟು ನೆಲದ ಮೇಲೆ ಉರುಳಿಸಿ, ಚಪಾತಿ ಲಟ್ಟಣಿಗೆ ನೆಟ್ಟಗಿದೆಯೇ ಎಂದು ನೋಡುವಂತೆ ನೋಡುತ್ತಿದ್ದರು. ಅದು ಉರುಳುತ್ತಾ ಓಲಾಡಿದರೆ ಬಾಗಿದೆ ಎಂದರ್ಥ. ತಿರುಗಿಸಿ ಹಾಕಿ, ಮತ್ತೆ ಬಗ್ಗಿಸಿ, ಕೊನೆಗೆ ಬಿಸಾಡಿ ಹೊಸತು ಕೊಳ್ಳುತ್ತಿದ್ದರು. ದುಡ್ಡಿದ್ದವರು ದೊಡ್ಡ ಪಂದ್ಯಕ್ಕೊಂದು ಹೊಸ ಕೊಳವೆ ತರುತ್ತಿದ್ದರು. ಹಾಯಿಯದೂ ಇದೇ ಪಾಡು. ಹಳೆಯ ಹಾಯಿಯ ಬಟ್ಟೆ ಬೇಗ ಜೋಲುತ್ತಿತ್ತು. ವರ್ಗ ಕೊನೆಗೆ ಹೆಚ್ಚು ಬಾಳುವ ಬಟ್ಟೆಯ ಹೊಸ ಹಾಯಿಯನ್ನೂ, ಬಾಗಿದರೂ ಮರಳಿ ನೆಟ್ಟಗಾಗುವ, ಕಾರ್ಬನ್ ಬೆರೆತ ಕಾಂಪೊಸಿಟ್ ತುಂಡನ್ನೂ ಒಪ್ಪಿತು. ಆದರೆ ಹೊಸ ತುಂಡು ಹಳೆಯ ಅಲ್ಯೂಮಿನಿಯಂನಷ್ಟೇ ಬಾಗುವಂತೆ ನೋಡಿಕೊಂಡಿತು. ಹೆಚ್ಚು ವೇಗ ಕೊಡುವ ಕಂಬ ಮಾಡಲು ಬರುತ್ತಿರಲಿಲ್ಲವೆಂದಲ್ಲ. ಬೇಕೆಂದೇ ಮಾಡಲಿಲ್ಲ.

ಕಾರ್ಬನ್ ಎಂಬ ವಸ್ತು ಒಂದೇ. ಮಾತ್‌ನಲ್ಲಿ ಅದು ಬಂದದ್ದು ಮುಂದಿನವನನ್ನು ಹಿಂದಿಕ್ಕಲು. ಲೇಸರ್‌ನಲ್ಲಿ ಬಂದದ್ದು ಜೇಬಿನ ಬಲದಿಂದ ಯಾರೂ ಯಾರನ್ನೂ ಹಿಂದಿಕ್ಕದಂತೆ ಮಾಡಲು. ಹೊಸ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎಂದು ವಸ್ತುವನ್ನು ಹಿಡಿದು ಕೇಳಿದರೆ ಉತ್ತರ ಸಿಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಲೇಸರ್ ದೋಣಿಗೂ ನಮಗೂ ನಂಟಿದೆ. 2021ರ ಏಪ್ರಿಲ್‌ನಲ್ಲಿ ಒಮಾನ್‌ನ ಮುಸನ್ನಾದಲ್ಲಿ ಚೆನ್ನೈನ ನೇತ್ರಾ ಕುಮನನ್ ಇದೇ ದೋಣಿಯ ನಡುಗಾತ್ರದ ಹಾಯಿಯ ವಿಭಾಗವಾದ ಲೇಸರ್ ರೇಡಿಯಲ್‌ನಲ್ಲಿ ಅರ್ಹತೆ ಗಳಿಸಿ, ಸೇಲಿಂಗ್‌ನಲ್ಲಿ ಒಲಿಂಪಿಕ್ಸಿಗೆ ಅರ್ಹರಾದ ಭಾರತದ ಮೊದಲ ಮಹಿಳೆಯಾದರು. ಲೇಸರ್‌ನಲ್ಲೇ ಸೇನೆಯ ವಿಷ್ಣು ಸರವಣನ್ ಕೂಡ ಟೋಕಿಯೊಗೆ ಹೋದರು. ಮುಸನ್ನಾದಲ್ಲೇ ಇನ್ನೊಂದು ವರ್ಗದಲ್ಲಿ ವರುಣ್ ಠಕ್ಕರ್ ಜೊತೆ ಅರ್ಹತೆ ಪಡೆದವರು ಕೆಳಪಂಡ ಚೆಂಗಪ್ಪ ಗಣಪತಿ. ಹೆಸರೇ ಕೊಡಗಿನ ನಂಟು ಹೇಳುತ್ತದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಷ್ಣು ಕಂಚು ಗೆದ್ದರು. ಅದೇ ಕೂಟದಲ್ಲಿ ಇದೇ ದೋಣಿಯ ಚಿಕ್ಕ ಹಾಯಿಯ ವಿಭಾಗದಲ್ಲಿ ಬೆಳ್ಳಿ ಗೆದ್ದವರು ಮಧ್ಯಪ್ರದೇಶದ ರೈತ ಕುಟುಂಬದ ಹುಡುಗಿ ನೇಹಾ ಠಾಕೂರ್. ಸಮುದ್ರವೇ ಇಲ್ಲದ ಭೋಪಾಲದ ಕೆರೆಯಲ್ಲಿ ಕಲಿತವರು.

ಕೆರೆಯಲ್ಲಿ ಕಲಿತವರು ಸಮುದ್ರದ ಪದಕ ಗೆಲ್ಲಲು ಸಾಧ್ಯವಾದುದರಲ್ಲಿ ಅವರ ಶ್ರಮ ದೊಡ್ಡದು. ಅದರ ಜೊತೆಗೆ ನಿಯಮ ಪುಸ್ತಕದ ಪಾಲೂ ಇದೆ. ಒಂದೇ ಒಡಲಿಗೆ 4.7, 5.76, 7.06 ಚದರ ಮೀಟರಿನ ಮೂರು ಹಾಯಿಗಳು. ಮಗು ಬೆಳೆದಂತೆ ಕಂಬದ ಕೆಳ ತುಂಡನ್ನೂ ಹಾಯಿಯನ್ನೂ ಬದಲಿಸಿದರೆ ಆಯಿತು, ದೋಣಿ ಅದೇ. ಒಲಿಂಪಿಕ್ಸಿನಲ್ಲಂತೂ ದೋಣಿಯನ್ನು ಸಂಘಟಕರೇ ಕೊಡುತ್ತಾರೆ. ಈ ವರ್ಗದಲ್ಲಿ ನಾಳೆ ಯಾರೋ ಕಾಲು ನಾಟ್ ವೇಗ ಹೆಚ್ಚಿಸುವ ಹೊಸ ವಸ್ತು ತಂದು, ಸಂಘ ಅದನ್ನು ಒಪ್ಪಿತು ಎಂದುಕೊಳ್ಳಿ. ಮೊದಲು ಕಳೆದುಹೋಗುವವರು ಭೋಪಾಲದ ಕೆರೆಯ ಮಕ್ಕಳು, ಹಲಸೂರು ಕೆರೆಯಲ್ಲಿ ಹಾಯಿ ಕಟ್ಟುವ ಹುಡುಗರು. ಯುರೋಪಿನ ತಂಡಗಳಿಗೆ ಅದು ಇನ್ನೊಂದು ಬಿಲ್ಲು ಅಷ್ಟೆ.

ಏಕವಿನ್ಯಾಸದಲ್ಲೂ ಹುಳುಕಿದೆ. ಎಲ್ಲ ದೋಣಿಯೂ ಒಂದೇ ಅಚ್ಚಿನವು ಎಂದಾದರೆ, ಅಚ್ಚು ಯಾರ ಕೈಯಲ್ಲಿದೆಯೋ ಅವರದೇ ರಾಜ್ಯ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ. ಲೇಸರ್ ವರ್ಗಕ್ಕೂ ಒಬ್ಬ ತಯಾರಕರಿಗೂ ನಡೆದ ಜಗಳ 2019ರಲ್ಲಿ ಯಾವ ಮಟ್ಟಕ್ಕೆ ಮುಟ್ಟಿತೆಂದರೆ, ‘ಲೇಸರ್’ ಎಂಬ ಟ್ರೇಡ್‌ಮಾರ್ಕ್ ತಯಾರಕರ ಕೈಯಲ್ಲಿದ್ದುದರಿಂದ ವರ್ಗ ತನ್ನ ಹೆಸರನ್ನೇ ಬಿಟ್ಟು ಐಎಲ್‌ಸಿಎ ಎಂಬ ಹೆಸರು ಇಟ್ಟುಕೊಳ್ಳಬೇಕಾಯಿತು. ದೋಣಿ ಅದೇ, ಬೋರ್ಡು ಬೇರೆ. ಆಮೇಲೆ ಹೆಚ್ಚು ತಯಾರಕರಿಗೆ ಪರವಾನಗಿ ಸಿಕ್ಕಿತು. ಬದಲಾವಣೆಗೆ ಬಾಗಿಲು ಹಾಕಿದ ವರ್ಗ ಆ ಬಾಗಿಲಿನ ಬೀಗದ ಕೈಯನ್ನು ಅಂಗಡಿಯವರಿಗೆ ಕೊಡಬಾರದು ಎಂಬುದು ಇಲ್ಲಿನ ಪಾಠ.

ಇನ್ನು ಪ್ರಯೋಗ, ಏಕವಿನ್ಯಾಸ ಇವೆರಡರ ನಡುವೆ, ಇವೆರಡರ ಆಚೆ ಇರುವವರ ಮಾತು. ಭೂಮಿಯನ್ನು ಒಬ್ಬರೇ, ಎಲ್ಲೂ ನಿಲ್ಲದೆ ಸುತ್ತುವ ಎರಡು ಪಂದ್ಯಗಳು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಎಂಬ ಒಂದೇ ಬಂದರಿನಿಂದ ಹೊರಡುತ್ತವೆ. ಒಂದು ವಾಂದೆ ಗ್ಲೋಬ್. ಅಲ್ಲಿನ ಅರವತ್ತಡಿಯ ದೋಣಿಗಳ ವರ್ಗ ನಡುದಾರಿ ಹಿಡಿದಿದೆ. ಮುರಿದರೆ ಜೀವಕ್ಕೇ ಅಪಾಯ ತರುವ ಕಂಬ ಮತ್ತು ಕೀಲು ಎಲ್ಲರಿಗೂ ಒಂದೇ ಎಂದು 2013ರಲ್ಲಿ ಕಟ್ಟು ಮಾಡಿತು. ಒಡಲಿನ ಆಕಾರ, ಪಕ್ಕದ ರೆಕ್ಕೆ ಅವರವರ ಬುದ್ಧಿಗೆ ಬಿಟ್ಟಿತು. ಚುಕ್ಕಾಣಿಗೂ ರೆಕ್ಕೆ ಹಾಕುತ್ತೇವೆ ಎಂದು ಕೆಲವರು ಕೇಳಿದಾಗ ಸದಸ್ಯರು ಮತ ಹಾಕಿ ಬೇಡ ಎಂದರು. 1989–90ರ ಮೊದಲ ಪಂದ್ಯ ಗೆದ್ದವರಿಗೆ 109 ದಿನ ಹಿಡಿದಿತ್ತು. 2024–25ರಲ್ಲಿ ಶಾರ್ಲಿ ದಲಾಂ 64 ದಿನ, 19 ಗಂಟೆಗಳಲ್ಲಿ ಸುತ್ತಿ ಬಂದರು.

ಇನ್ನೊಂದು ಗೋಲ್ಡನ್ ಗ್ಲೋಬ್. ಅದು ಗಡಿಯಾರವನ್ನು 1968ಕ್ಕೆ ನಿಲ್ಲಿಸಿದ ಪಂದ್ಯ. ಆ ವರ್ಷ ಹೊರಟು 312 ದಿನಗಳಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಭೂಮಿ ಸುತ್ತಿದ ‘ಸುಹೈಲಿ’ ದೋಣಿ ನಮ್ಮ ಮುಂಬೈನಲ್ಲಿ ತೇಗದಿಂದ ಕಟ್ಟಿದ್ದು. ಆ ಕಾಲದಲ್ಲಿ ಇಲ್ಲದ ಸಲಕರಣೆ ಈ ಪಂದ್ಯದಲ್ಲಿ ಕೂಡದು. ಜಿಪಿಎಸ್ ಇಲ್ಲ, ಸೂರ್ಯ, ನಕ್ಷತ್ರ ನೋಡಿ ಸೆಕ್ಸ್‌ಟಂಟ್ ಹಿಡಿದು ದಾರಿ ಲೆಕ್ಕ ಹಾಕಬೇಕು. 2018ರಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ ಗೋವಾದಲ್ಲಿ ಕಟ್ಟಿದ, ಸುಹೈಲಿಯ ಪಡಿಯಚ್ಚಿನಂಥ ‘ತುರೀಯ’ದಲ್ಲಿ ಹೊರಟರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಗಿ ಏಳಲೂ ಆಗದಂತಾಯಿತು. ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರ. ಮತ್ತೆ ಅದೇ ಪರ್ತ್.

ಅವರು ಬದುಕಿದ್ದು ಹೇಗೆ? 1968ರ ಪಂದ್ಯವೆಂದು ಆಯೋಜಕರು ಪ್ರಾಣರಕ್ಷಣೆಯನ್ನೂ 1968ಕ್ಕೆ ನಿಲ್ಲಿಸಿರಲಿಲ್ಲ. ದೋಣಿಯಲ್ಲಿ ಉಪಗ್ರಹಕ್ಕೆ ಸಂದೇಶ ಕಳಿಸುವ ಸಾಧನವಿತ್ತು, ತುರ್ತು ಸಂಕೇತ ಹೊರಡಿಸುವ ಸಾಧನವಿತ್ತು. ನೌಕಾಪಡೆಯ ವಿಮಾನ ಹುಡುಕಿತು, ಮೂರು ದಿನದ ಮೇಲೆ ಫ್ರಾನ್ಸಿನ ಹಡಗೊಂದು ಅವರನ್ನು ಎತ್ತಿಕೊಂಡಿತು. ಅದೇ ಮನುಷ್ಯ ಮುಂದಿನ ಪಂದ್ಯಕ್ಕೆ ಮತ್ತೆ ಹೊರಟು 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು. ಎರಡು ದಿನ ಮೊದಲು ಬಂದು ಗೆದ್ದವರು ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನಾಯ್‌ಶೇಫರ್. ಅವರಿಗೆ ಹಿಡಿದದ್ದು 235 ದಿನ. ಒಂದೇ ಬಂದರು, ಒಂದೇ ಭೂಗೋಳ. ಒಂದು ಕಡೆ 64 ದಿನ, ಇನ್ನೊಂದು ಕಡೆ 235 ದಿನ. ಎರಡಕ್ಕೂ ಸ್ಪರ್ಧಿಗಳಿದ್ದಾರೆ, ಎರಡಕ್ಕೂ ದಡದಲ್ಲಿ ಜನ ಸೇರುತ್ತಾರೆ. ಕಿರ್ಸ್ಟನ್ ಅವರ ಗೆಲುವು ಚಿಕ್ಕದು ಎಂದು ಹೇಳಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಒಂದು ವರ್ಗದ ಮುಂದೆ ಹೊಸ ತಂತ್ರಜ್ಞಾನ ಬಂದು ನಿಂತಾಗ ಏನು ಕೇಳಬೇಕು? ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಒಂದು, ನಾವು ನಮ್ಮ ಸದಸ್ಯರಿಗೆ ಕೊಟ್ಟ ಮಾತೇನು? ದೋಣಿ ಬೆಳೆಯಲಿ ಎಂದಿದ್ದೆವೋ, ದೋಣಿ ಸಮನಾಗಿರಲಿ ಎಂದಿದ್ದೆವೋ? ಎರಡು, ಇದು ಬಂದರೆ ಐದು ವರ್ಷದ ಖರ್ಚು ಒಟ್ಟಾರೆ ಏರುತ್ತದೆಯೋ ಇಳಿಯುತ್ತದೆಯೋ? ಇಂದಿನ ಬೆಲೆಪಟ್ಟಿ ನೋಡಿದರೆ ಸಾಲದು. ಬಾಗಿ ಮರಳಿ ನೆಟ್ಟಗಾಗುವ ಕಂಬ ಇಂದು ದುಬಾರಿ, ಐದು ವರ್ಷಕ್ಕೆ ಅಗ್ಗ. ಮೂರು, ಕಳೆದ ವರ್ಷ ದೋಣಿ ಕೊಂಡವರ ಗತಿಯೇನು? ಹಳೆಯ ದೋಣಿಗೆ ಹೊಸ ತುಂಡು ಕೂರುತ್ತದೆಯೋ, ದೋಣಿಯನ್ನೇ ಗುಜರಿಗೆ ಹಾಕಬೇಕೋ? ನಾಲ್ಕು, ನಿಯಮ ಮುರಿದರೆ ಹಿಡಿಯಲು ಆಗುತ್ತದೆಯೇ? ಉದ್ದ ಅಗಲ ಅಳೆಯಲು ಟೇಪು ಸಾಕು. ಚಿಪ್‌ನೊಳಗಿನ ಸಾಫ್ಟ್‌ವೇರ್ ಅಳೆಯಲು ಟೇಪಿಲ್ಲ. ಹಿಡಿಯಲಾಗದ ನಿಯಮ ಪ್ರಾಮಾಣಿಕರಿಗೆ ಮಾತ್ರ ಶಿಕ್ಷೆ.

ಈ ನಾಲ್ಕರಲ್ಲಿ ಸೇರಿಸದೆ ಬಿಟ್ಟದ್ದು ಸುರಕ್ಷತೆ. ಅದು ಪ್ರಶ್ನೆಯೇ ಅಲ್ಲ. ಪ್ರಾಣ ಉಳಿಸುವ ಸಾಧನಕ್ಕೆ ಮತ ಹಾಕುವ ಅಗತ್ಯವಿಲ್ಲ, ತೆಗೆದುಕೊಳ್ಳಬೇಕು ಅಷ್ಟೆ. ತುರೀಯದ ಕಥೆ ಹೇಳುವುದು ಅದನ್ನೇ. ಹಾಗೆಯೇ ದಾಟಬಾರದ ಒಂದು ಗೆರೆ ಇದೆ ಎಂದು ನನ್ನ ನಂಬಿಕೆ. ಹಾಯಿಯನ್ನೂ ದೋಣಿಯ ಅಂಗಗಳನ್ನೂ ಮನುಷ್ಯನ ಬಲದಿಂದಲೇ ಹೊಂದಿಸಬೇಕು ಎಂಬುದು ವಿಶ್ವ ಸೇಲಿಂಗ್ ಸಂಸ್ಥೆಯ ರೇಸಿಂಗ್ ನಿಯಮಗಳಲ್ಲಿ ಬಹಳ ಹಳೆಯದು. ದೊಡ್ಡ ಬಜೆಟ್ಟಿನ ಪಂದ್ಯಗಳು ಅದನ್ನು ಪಕ್ಕಕ್ಕಿಟ್ಟಿವೆ. 2021ರ ಅಮೆರಿಕಾಸ್ ಕಪ್‌ನಲ್ಲಿ ರೆಕ್ಕೆಗಳ ತೋಳು ಎತ್ತಿ ಇಳಿಸಿದ್ದು ಬ್ಯಾಟರಿ. ಅದು ಅವರ ಆಯ್ಕೆ, ಅವರ ದುಡ್ಡು. ಒಬ್ಬರೇ ನಡೆಸುವ ಸಣ್ಣ ದೋಣಿಯಲ್ಲಿ ಆ ಗೆರೆ ಅಳಿಸಿದರೆ, ಸವಾರರು ತಮ್ಮದೇ ದೋಣಿಯಲ್ಲಿ ಪ್ರಯಾಣಿಕರಾಗುತ್ತಾರೆ. ಮಾತ್‌ನ ಕಡ್ಡಿ ನನಗೆ ಇಷ್ಟವಾಗುವುದು ಇದಕ್ಕೇ. ಅದು ನೀರಿನ ಮಾತನ್ನು ರೆಕ್ಕೆಗೆ ಮುಟ್ಟಿಸುತ್ತದೆ, ಸವಾರರ ಬದಲು ಯೋಚನೆ ಮಾಡುವುದಿಲ್ಲ.

ಈ ನಾಲ್ಕು ಪ್ರಶ್ನೆ ಹಾಕಿ ನೋಡಿದರೆ ನನ್ನ ತೀರ್ಪು ಹೀಗಿದೆ. ಮಾತ್ ರೆಕ್ಕೆಯನ್ನು ಒಪ್ಪಿದ್ದು ಸರಿ. ಲೇಸರ್ ರೆಕ್ಕೆಯನ್ನು ಒಪ್ಪದೆ, ರಾಟೆ, ಹಾಯಿ, ಕಂಬದ ತುಂಡನ್ನಷ್ಟೇ ಒಪ್ಪಿದ್ದೂ ಸರಿ. ನಾಳೆ ಯಾರಿಗಾದರೂ ಲೇಸರ್‌ಗೆ ರೆಕ್ಕೆ ಹಾಕಿಕೊಂಡು ಹಾರಬೇಕೆನಿಸಿದರೆ ಹಾರಲಿ, ಆದರೆ ಬೇರೆ ಹೆಸರಿನ ಬೇರೆ ವರ್ಗ ಕಟ್ಟಿಕೊಂಡು ಹಾರಲಿ. ಹೊಸತಕ್ಕೆ ಜಾಗ ಮಾಡಲು ಹಳೆಯ ಮನೆ ಕೆಡವಬೇಕಿಲ್ಲ, ಪಕ್ಕದ ಸೈಟು ಖಾಲಿ ಇದೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಸೇಲಿಂಗ್ ನಡೆದ ಮಾರ್ಸೆಯ ಕಡಲಿನಲ್ಲಿ ರೆಕ್ಕೆಯ ಮೇಲೆ ಹಾರುವ ಗಾಳಿಪಟದ ವರ್ಗವೂ ಇತ್ತು; ಅದೇ ನೀರಿನಲ್ಲಿ ನೇತ್ರಾ ಮತ್ತು ವಿಷ್ಣು ನೀರಿಗೆ ಹೊಟ್ಟೆ ತಾಗಿಸಿಯೇ ಓಡುವ ದೋಣಿಯಲ್ಲಿ ಸ್ಪರ್ಧಿಸಿದರು.

ಕೊನೆಯದಾಗಿ, ಈ ತೀರ್ಮಾನ ಯಾರ ಕೈಯಲ್ಲಿರಬೇಕು ಎಂಬುದು. ಐಎಲ್‌ಸಿಎ ವರ್ಗದಲ್ಲಿ ನಿಯಮ ಬದಲಿಸಬೇಕಾದರೆ ಮತ ಹಾಕಿದ ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು, ಆಮೇಲೆ ವಿಶ್ವ ಸೇಲಿಂಗ್ ಸಂಸ್ಥೆಯೂ ಒಪ್ಪಬೇಕು. ತಯಾರಕರಿಗೆ ಆಸೆಯಿರುತ್ತದೆ, ಚಾಂಪಿಯನ್ನರಿಗೆ ಅವಸರವಿರುತ್ತದೆ. ಭೋಪಾಲದ ಕೆರೆಯ ಹುಡುಗಿಗೂ ಚಾಂಪಿಯನ್ನರಿಗೂ ಇರುವುದು ಒಂದೊಂದೇ ಮತ. ನಿಮ್ಮ ಕೈಗೆ ಅಂಥ ಮತಪತ್ರ ಎಂದಾದರೂ ಬಂದರೆ, ಹೊಸ ವಸ್ತುವಿನ ಜಾಹೀರಾತು ಓದುವ ಮೊದಲು ನಿಮ್ಮ ವರ್ಗದ ನಿಯಮ ಪುಸ್ತಕದ ಮೊದಲ ಪುಟವನ್ನು ಇನ್ನೊಮ್ಮೆ ಓದಿ.